ಅಡಿಕೆಯ ಕೊಳೆ, ಮೀನಿನ ಹುಣ್ಣು

ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ಅಂದ ಮೇಲೆ ಸಂಘದ ಹುಟ್ಟು, ಬೆಳವಣಿಗೆ, ಠೇವಣಿ, ಸಾಲ ವಸೂಲಾತಿ ಇವೆಲ್ಲ ಇದ್ದೇ ಇರುತ್ತವೆ. ಆ ಕೆಲಸವನ್ನು ನಮಗಿಂತ ಚೆನ್ನಾಗಿ ಬಲ್ಲ ಹಿರಿಯರು ಬೇರೆ ಪುಟಗಳಲ್ಲಿ ಮಾಡಿದ್ದಾರೆ. ಸಂಪಾದಕ ಮಂಡಳಿಯವರು ನಮ್ಮ ಹತ್ತಿರ ಕೇಳಿದ್ದು, "ನೀವು ಕೆರೆಗೆ ಮೀನು ಬಿಟ್ಟು ಕೈ ಸುಟ್ಟುಕೊಂಡವರು, ಅದರ ವಿಚಾರ ಏನಾದ್ರೂ ಬರೀರಿ ಮಾರಾಯ್ರೆ" ಅಂತ. ಹಾಗೆ ಹೇಳಿದ್ದು ತಮಾಷೆಗೇ ಇರಬಹುದು. ಆದರೆ ಕೈ ಸುಟ್ಟುಕೊಂಡಿದ್ದು ನಿಜ, ಅದರ ಹಿಂದೆ ಒಂದು ದೊಡ್ಡ ಇತಿಹಾಸ ಇರುವುದೂ ನಿಜ. ಆ ಇತಿಹಾಸ ನಮಗೆ ತಿಳಿದಿದ್ದು ತಡವಾಗಿ.

ಅಡ್ಡಗದ್ದೆಯವರಿಗೆ ಮೀನು ಹೊಸತಲ್ಲ. ಮುಂಗಾರು ಹಿಡಿದು ಹಳ್ಳದ ನೀರು ಕೆಂಪಾದ ಕೂಡಲೇ ಹತ್ತುಮೀನು ಗದ್ದೆಗೆ ಏರುವುದು, ಅಂಚಿನ ಕಂಡಿಗೆ ಕೂಣಿ ಇಡುವುದು, ರಾತ್ರಿ ದೊಂದಿ ಹಿಡಿದು ಹೋಗುವುದು, ಇವು ನಮ್ಮ ಹಿರಿಯರ ಕಾಲದಿಂದ ನಡೆದು ಬಂದಿದ್ದು. ಮೀನು ತಿನ್ನದ ಮನೆಯವರಿಗೂ ಮೀನಿನ ಮೇಲೆ ಅಕ್ಕರೆ ಇದ್ದೇ ಇದೆ. ಶೃಂಗೇರಿಯ ಸ್ನಾನಘಟ್ಟದಲ್ಲಿ ದೇವರ ಮೀನಿಗೆ ಮಂಡಕ್ಕಿ ಹಾಕದೆ ಬೆಳೆದ ಮಗು ನಮ್ಮ ಸುತ್ತಿನಲ್ಲಿ ಸಿಗುವುದು ಕಷ್ಟ. ಆದರೆ ಕೆರೆಯಲ್ಲಿ ಕಾಟ್ಲಾ, ರೋಹು, ಮೃಗಾಲ್ ಸಾಕುವುದು ನಮಗೆ ಹೊಸ ಕಸುಬು. ಗಂಗಾ ಬಯಲಿನ ಈ ಮೀನುಗಳು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಮೀನಿನ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಇವುಗಳಿಂದ ಮರಿ ಮಾಡಿಸಿದ ಮೇಲೆಯೇ ಊರೂರಿಗೆ ಮರಿ ಸಿಗುವ ಹಾಗಾಯಿತು. ಮರಿ ಊರೂರಿಗೆ ಹೋದ ಹಾಗೆ ಅದರ ಕಾಯಿಲೆಯೂ ಹೋಯಿತು ಅನ್ನುವುದು ಕತೆಯ ಇನ್ನೊಂದು ಮುಖ.

ನಮ್ಮದೇ ಕೆರೆಯ ಕತೆ ಚುಟುಕಾಗಿ ಹೇಳಿಬಿಡುತ್ತೇವೆ. ನಾವು ನಾಲ್ಕು ಜನ ಸದಸ್ಯರು ಸೇರಿ ತೋಟದ ಕೆಳಗಿನ ಕೆರೆಗೆ ಮರಿ ಬಿಟ್ಟೆವು. ಮರಿ ತಂದಿದ್ದು ಎಲ್ಲಿಂದ ಅಂತ ಇಲ್ಲಿ ಬರೆಯುವುದಿಲ್ಲ, ತಪ್ಪು ಅವರದೋ ನಮ್ಮದೋ ಇವತ್ತಿಗೂ ಗೊತ್ತಿಲ್ಲ. ಮಳೆಗಾಲದಲ್ಲಿ ಹಳ್ಳದ ಕಾಡುಮೀನೂ ಕೆರೆಗೆ ನುಗ್ಗಿತ್ತು. ದೀಪಾವಳಿ ಕಳೆದು ಚಳಿ ಬೀಳುವ ಹೊತ್ತಿಗೆ ಮೊದಲು ಕೊರವದ ಮೈಮೇಲೆ ಕೆಂಪು ಚುಕ್ಕೆ ಕಂಡಿತು. ವಾರ ಕಳೆಯುವುದರೊಳಗೆ ಚುಕ್ಕೆ ಹುಣ್ಣಾಯಿತು, ಹುಣ್ಣು ಗುಂಡಿಯಾಯಿತು, ಕೆಲವು ಮೀನಿಗೆ ಮೂಳೆಯೇ ಕಾಣುತ್ತಿತ್ತು. ಅಂಥಾ ಮೀನು ಜೀವ ಇಟ್ಟುಕೊಂಡು ನೀರಿನ ಮೇಲೆ ತೇಲುತ್ತಾ ಇರುವುದನ್ನು ನೋಡಲಿಕ್ಕೆ ಆಗುವುದಿಲ್ಲ. ಆಮೇಲೆ ಮೃಗಾಲ್, ರೋಹು ಎಲ್ಲಾ ಹೋಯ್ತು. ಸತ್ತದ್ದನ್ನು ಬುಟ್ಟಿಯಲ್ಲಿ ತುಂಬಿ ಹಳ್ಳಕ್ಕೆ ಎಸೆದು ಬಂದೆವು. ಈ ಲೇಖನದಲ್ಲಿ ನಾವು ಒಪ್ಪಿಕೊಳ್ಳಬೇಕಾದ ದೊಡ್ಡ ತಪ್ಪು ಅದು. ಯಾಕೆ ಅಂತ ಮುಂದೆ ಹೇಳುತ್ತೇವೆ.

ಈ ಕಾಯಿಲೆಗೆ ಶಾಸ್ತ್ರದವರು ಇಟ್ಟ ಹೆಸರು ಎಪಿಜೂಟಿಕ್ ಅಲ್ಸರೇಟಿವ್ ಸಿಂಡ್ರೋಮ್. ನಾವು ಹುಣ್ಣುರೋಗ ಅನ್ನೋಣ. 1971ರಲ್ಲಿ ಜಪಾನಿನ ಓಯಿಟಾ ಪ್ರಾಂತ್ಯದ ಸಾಕುಮೀನುಗಳಲ್ಲಿ ಇದು ಮೊದಲು ವರದಿಯಾಯಿತು. 1972ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಅಳಿವೆಗಳಲ್ಲಿ ಕಂಡಾಗ ಅಲ್ಲಿನ ಜನ ಕೆಂಪುಚುಕ್ಕೆ ರೋಗ ಅಂದರು. 1980ರಲ್ಲಿ ಇಂಡೋನೇಷ್ಯ, ಅದರ ಬೆನ್ನಿಗೇ ಥಾಯ್ಲೆಂಡ್, ಬರ್ಮಾ. 1988ರಲ್ಲಿ ಬಾಂಗ್ಲಾದೇಶಕ್ಕೆ ಬಂತು, ಅದೇ ವರ್ಷ ಅಸ್ಸಾಂ, ತ್ರಿಪುರಾ, ಪಶ್ಚಿಮ ಬಂಗಾಳಕ್ಕೆ ದಾಟಿತು. 1991ರ ಮಳೆಗಾಲದಲ್ಲಿ ಕೇರಳದ ಕುಟ್ಟನಾಡಿನಲ್ಲಿ ಹುಣ್ಣು ಬಿದ್ದ ಮೀನು ನೋಡಿ ಜನ ಮೀನು ತಿನ್ನುವುದನ್ನೇ ಬಿಟ್ಟರು. ಕಾಯಿಲೆ ಇಲ್ಲದ ಮೀನನ್ನೂ ಕೇಳುವವರಿಲ್ಲದೆ ಮೀನುಗಾರರ ಒಲೆ ಆರಿತು. ಕರ್ನಾಟಕದ ಸಿಹಿನೀರು, ಅಳಿವೆಯ ಚೌಳುನೀರು ಎರಡಕ್ಕೂ ರೋಗ ತಗಲಿತು.

ನಮ್ಮ ರಾಜ್ಯದಲ್ಲಿ ಇದನ್ನು ಕೈಗೆತ್ತಿಕೊಂಡವರು ಮಂಗಳೂರಿನ ಮೀನುಗಾರಿಕಾ ಕಾಲೇಜಿನವರು. 1969ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೈಕೆಳಗೆ ಶುರುವಾದ ಈ ಕಾಲೇಜು ಈಗ ಬೀದರಿನ ಪಶು ವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಘಟ್ಟ ಇಳಿದರೆ ಸಿಗುವ ಸಂಸ್ಥೆ, ಆದರೂ ನಮ್ಮಲ್ಲಿ ಎಷ್ಟು ಜನಕ್ಕೆ ಅದರ ಪರಿಚಯ ಇದೆ? ಅಲ್ಲಿನ ಸಿ.ವಿ. ಮೋಹನ್ ಮತ್ತು ಕೆ.ಎಂ. ಶಂಕರ್ ಅವರು ಕರ್ನಾಟಕದ ಹುಣ್ಣುರೋಗ ಎಲ್ಲೆಲ್ಲಿ, ಯಾವ ಮೀನಿಗೆ, ಯಾವ ಸನ್ನಿವೇಶದಲ್ಲಿ ಬಂತು ಎಂದು ಪರಿಶೀಲಿಸಿ 1994ರಲ್ಲಿ ಬೆಂಗಳೂರಿನ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ಕಾಲೇಜಿನ ಇಡ್ಯ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ದಂಪತಿಗಳು ಹುಣ್ಣಿನಲ್ಲಿ ಸಿಗುವ ಏರೋಮೊನಾಸ್ ಎಂಬ ಬ್ಯಾಕ್ಟೀರಿಯದ ಗುಣಾವಗುಣಗಳನ್ನು ಅಭ್ಯಾಸ ಮಾಡಿದರು.

ಆಗ ಇದ್ದ ಗೊಂದಲವೇ ಅದು, ಅಸಲು ಕಳ್ಳ ಯಾರು? ಹುಣ್ಣಿನಿಂದ ಸ್ವಲ್ಪ ತೆಗೆದು ಪ್ರಯೋಗಶಾಲೆಯಲ್ಲಿ ಬೆಳೆಸಿದರೆ ಬರುತ್ತಿದ್ದುದು ಬ್ಯಾಕ್ಟೀರಿಯ. ಕೆಲವು ಕಡೆ ವೈರಸ್ಸೂ ಸಿಕ್ಕಿತು. ಹುಣ್ಣಿನ ಆಳದ ಮಾಂಸವನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಕವಲೊಡೆದ ನೂಲಿನ ಹಾಗಿನ ಬೂಷ್ಟು ಮಾಂಸದೊಳಗೆ ಇಳಿದಿರುವುದೂ, ಅದನ್ನು ತಡೆಯಲಿಕ್ಕೆ ಮೀನಿನ ಮೈ ಸುತ್ತ ಗಂಟು ಕಟ್ಟಿರುವುದೂ ಕಾಣುತ್ತಿತ್ತು. ಈ ಬೂಷ್ಟು ಬಹಳ ನಾಜೂಕಿನದು, ನಿಧಾನಕ್ಕೆ ಬೆಳೆಯುವಂಥದು. ತಟ್ಟೆಯಲ್ಲಿ ಬೆಳೆಸಲು ಹೋದರೆ ಬ್ಯಾಕ್ಟೀರಿಯ ಮೇಲೆ ಬಿದ್ದು ಮುಚ್ಚಿಬಿಡುತ್ತದೆ. ಮನೆಗೆ ಬೆಂಕಿ ಇಟ್ಟವನು ಓಡಿಹೋಗಿ, ಆಮೇಲೆ ಒಳಗೆ ನುಗ್ಗಿ ಪಾತ್ರೆ ಕದ್ದವನು ಸಿಕ್ಕಿಬಿದ್ದ ಹಾಗೆ. 1994ರಲ್ಲಿ ಬ್ಯಾಂಕಾಕಿನಲ್ಲಿ ಹಲವು ದೇಶದ ತಜ್ಞರು ಕೂತು ಚರ್ಚಿಸಿದರು. ಈ ಬೂಷ್ಟು ಮಾಂಸದೊಳಗೆ ಇಳಿದಿರುವುದನ್ನೇ ರೋಗದ ಗುರುತು ಎಂದು ಒಪ್ಪಿಕೊಂಡರು. ಮಂಗಳೂರಿನವರು ಭಾರತದ ಮೀನುಗಳ ಮಾಂಸ ಕೊಯ್ದು ನೋಡಿ 1995ರಲ್ಲಿ ಬರೆದಿದ್ದೂ ಈ ಬೂಷ್ಟಿನ ಪಾತ್ರದ ಬಗ್ಗೆಯೇ. ಅದಕ್ಕೆ ಈಗಿರುವ ಹೆಸರು ಅಫನೊಮೈಸಿಸ್ ಇನ್ವಾಡನ್ಸ್.

ಇಲ್ಲಿಗೆ ಬಂದಾಗ ನಮಗೆ ಅಡಿಕೆ ನೆನಪಾಯಿತು. ನೆನಪಾಗದೆ ಇರುತ್ತದೆಯೇ? ಈ ಬೂಷ್ಟು ಮತ್ತು ನಮ್ಮ ಅಡಿಕೆಯ ಕೊಳೆರೋಗದ ಬೂಷ್ಟು ಇವೆರಡೂ ದಾಯಾದಿಗಳು. ಎರಡೂ ಊಮೈಸೀಟ್ಸ್ ಎಂಬ ಒಂದೇ ಕುಲಕ್ಕೆ ಸೇರಿದವು. ನೋಡಲಿಕ್ಕೆ ಬೂಷ್ಟಿನ ಹಾಗೆ ಇದ್ದರೂ ಇವು ನಿಜವಾದ ಶಿಲೀಂಧ್ರಗಳಲ್ಲ, ಪಾಚಿಯ ಕಡೆಯ ನಂಟರು ಅನ್ನುತ್ತಾರೆ. ಎರಡಕ್ಕೂ ನೀರಿನಲ್ಲಿ ಈಜುವ ಬೀಜಕಣಗಳಿವೆ, ಒಂದೊಂದು ಕಣಕ್ಕೂ ಎರಡು ಬಾಲ. ಎರಡಕ್ಕೂ ಮಳೆ ಬೇಕು, ತಂಪು ಬೇಕು. ಒಂದು ಎಳೆ ಅಡಿಕೆಗೆ ಅಂಟುತ್ತದೆ, ಇನ್ನೊಂದು ಮೀನಿನ ಗೀರು ಬಿದ್ದ ಚರ್ಮಕ್ಕೆ ಅಂಟಿ ಬೇರಿಳಿಸುತ್ತದೆ.

ಕೊಳೆರೋಗದ ಗುಟ್ಟು ಬಯಲಾದ ಕತೆ ನಮ್ಮ ಮಲೆನಾಡಿನದೇ. ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಅವರು 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ಆಗ ನಮ್ಮ ಅಜ್ಜಂದಿರಿಗೆ ಗೊತ್ತಿದ್ದುದು ಗೊನೆಗೆ ಕೊಟ್ಟೆ ಕಟ್ಟುವುದೊಂದೇ. ಕೋಲ್ಮನ್ ಸಾಹೇಬರು ರೋಗ ತರುವ ಬೂಷ್ಟನ್ನು ಗುರುತಿಸಿ, ಅದರ ಬೀಜಕಣ ಮಳೆನೀರಿನಲ್ಲಿ ಈಜುವುದನ್ನು ವಿವರಿಸಿ 1910ರಲ್ಲಿ ಪುಸ್ತಿಕೆ ಪ್ರಕಟಿಸಿದರು. ಬೋರ್ಡೋ ದ್ರಾವಣ ಹೊಡೆಯಿರಿ ಎಂದು ತೋರಿಸಿಕೊಟ್ಟವರೂ ಅವರೇ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾಗಿದ್ದೂ ಅವರ ಮುತುವರ್ಜಿಯಿಂದಲೇ. ಇಂದಿಗೂ ಮಳೆ ಹಿಡಿಯುವ ಮುಂಚೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಅಂತ ನಾವು ಕಲೆಸುವುದು ಆ ಪಾಠದ ಮುಂದುವರಿಕೆಯೇ. ಸಂಘದಲ್ಲಿ ಮೈಲುತುತ್ತಕ್ಕೆ ನಿಂತ ಸಾಲು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ದಾಯಾದಿಗೂ ಅದೇ ಮದ್ದು ಯಾಕಾಗಬಾರದು ಅಂತ ನಮ್ಮಲ್ಲೊಬ್ಬರು ಕೇಳಿದ್ದರು. ಕೇಳಿ ಸುಮ್ಮನಾಗಿದ್ದು ನಮ್ಮ ಪುಣ್ಯ. ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ವಿಷ. ಅದರಲ್ಲೂ ನಮ್ಮ ಮಲೆನಾಡಿನ ನೀರು ಮೆದುನೀರು, ಸುಣ್ಣದಂಶ ಕಡಿಮೆ, ಅಂಥ ನೀರಿನಲ್ಲಿ ತಾಮ್ರದ ವಿಷ ಹೆಚ್ಚು ಹತ್ತುತ್ತದೆ. ತೋಟದ ಕೆಳಗೆ ಕೆರೆ ಇಟ್ಟುಕೊಂಡವರು ಡ್ರಮ್ಮು, ಪಂಪು ತೊಳೆದ ನೀರನ್ನು ಕಪ್ಪಿನಲ್ಲಿ ಬಿಟ್ಟರೆ ಅದು ಬಂದು ನಿಲ್ಲುವುದು ಮೀನಿನ ಕಿವಿರಿನಲ್ಲಿ. ಒಂದು ಬೆಳೆ ಉಳಿಸಿದ ಮದ್ದು ಇನ್ನೊಂದಕ್ಕೆ ಮೃತ್ಯುವಾಗುವುದು ಹೀಗೆ.

ಮೀನಿಗೆ ಬೇರೆ ದಾರಿ ಹುಡುಕಬೇಕಾಯಿತು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮತ್ಸ್ಯಕೃಷಿ ಸಂಸ್ಥೆಯವರು ಸಿಫಾಕ್ಸ್ ಎಂಬ ದ್ರವ ಔಷಧಿ ತಯಾರಿಸಿದರು. ಒಂದು ಹೆಕ್ಟೇರು ವಿಸ್ತಾರ, ಒಂದು ಮೀಟರು ಆಳದ ಕೆರೆಗೆ ಒಂದು ಲೀಟರು. ಬಾಟ್ಲಿ ಸಿಗದ ಊರಿನಲ್ಲಿ ಸುಣ್ಣವೇ ಗತಿ, ಅದೂ ಹುಣ್ಣು ಬಿದ್ದ ಮೇಲೆ ಹಾಕುವುದಕ್ಕಿಂತ ಮೊದಲೇ ಹಾಕಿ ನೀರಿನ ಹುಳಿ ಮುರಿದಿಟ್ಟರೆ ಹೆಚ್ಚು ಫಲ.

ಮಂಗಳೂರಿನಲ್ಲಿ ಶಂಕರ್ ಅವರ ತಂಡ ಮೀನಿಗೆ ಲಸಿಕೆ ಹಾಕುವ ವಿಚಾರವನ್ನೂ ಹಿಡಿಯಿತು. ಇದು ಹುಣ್ಣಿನ ಬೂಷ್ಟಿಗಲ್ಲ, ಏರೋಮೊನಾಸ್ ಬ್ಯಾಕ್ಟೀರಿಯಕ್ಕೆ. ಕೆರೆಯ ಮೀನನ್ನು ಒಂದೊಂದಾಗಿ ಹಿಡಿದು ಸೂಜಿ ಚುಚ್ಚುವುದು ಆಗುವ ಮಾತಲ್ಲ. ತಿಂಡಿಯಲ್ಲಿ ಬೆರೆಸಿ ಕೊಟ್ಟರೆ ಕರುಳಿನ ಮೊದಲ ಭಾಗದಲ್ಲೇ ಲಸಿಕೆ ಜೀರ್ಣವಾಗಿ ಹೋಗುತ್ತದೆ. ಅವರು ಕಂಡುಕೊಂಡ ಉಪಾಯ ನಮಗೆ ಬಹಳ ಹಿಡಿಸಿತು. ಸಿಗಡಿ ಚಿಪ್ಪಿನಲ್ಲಿ ಸಿಗುವ ಕೈಟಿನ್ ಚೂರಿನ ಮೇಲೆ ಬ್ಯಾಕ್ಟೀರಿಯವನ್ನು ಲೋಳೆ ಪದರವಾಗಿ ಬೆಳೆಸಿ, ಕೊಂದು, ಅದನ್ನು ತಿನ್ನಿಸಿದರು. ಲೋಳೆಯ ಹೊದಿಕೆ ಇರುವುದರಿಂದ ಲಸಿಕೆ ಕೆಡದೆ ಕರುಳಿನ ಹಿಂಭಾಗ ಮುಟ್ಟುತ್ತದೆ, ಅಲ್ಲಿ ಮೀನಿನ ಮೈ ಅದನ್ನು ಗುರುತಿಸಿ ಎದುರಾಳಿಯನ್ನು ತಯಾರು ಮಾಡುತ್ತದೆ. ಗೆಂಡೆ ಮೀನಿನಲ್ಲಿ ಪ್ರಯೋಗ ಮಾಡಿ ರಕ್ಷಣೆ ಸಿಗುವುದನ್ನು ತೋರಿಸಿದರು. ಹುಣ್ಣಿನ ಬೂಷ್ಟನ್ನು ಬೇಗ ಪತ್ತೆ ಮಾಡುವ ಮಾನೋಕ್ಲೋನಲ್ ಪ್ರತಿಕಾಯಗಳನ್ನೂ 2000ದ ದಶಕದಲ್ಲಿ ಇದೇ ಕಾಲೇಜಿನಲ್ಲಿ ಸಿದ್ಧಪಡಿಸಿದರು.

ಈಗ ಹಳ್ಳಕ್ಕೆ ಎಸೆದ ಬುಟ್ಟಿಯ ವಿಚಾರ. ಬೇರೆ ಬೇರೆ ದೇಶದ ಹುಣ್ಣಿನ ಬೂಷ್ಟನ್ನು ತಂದು ವಂಶಧಾತು ಹೋಲಿಸಿ ನೋಡಿದಾಗ ಎಲ್ಲವೂ ಹೆಚ್ಚುಕಡಿಮೆ ಒಂದೇ ಬಳ್ಳಿಯ ಕುಡಿಗಳು ಅಂತ ಕಂಡುಬಂತು. ಅಂದರೆ ಅದು ಅಲ್ಲಲ್ಲೇ ಹುಟ್ಟಿದ್ದಲ್ಲ, ಮೀನಿನ ಸಂಗಡ, ನೀರಿನ ಸಂಗಡ ಪ್ರಯಾಣ ಮಾಡಿದ್ದು. 2006-07ರಲ್ಲಿ ಆಫ್ರಿಕದ ಜಾಂಬೆಜಿ ನದಿಯ ಕಾಡುಮೀನಿಗೂ ತಗಲಿತು. ಕೆರೆಯಲ್ಲಿ ಬಂದರೆ ಕೆರೆ ಬತ್ತಿಸಿ ಸುಣ್ಣ ಹಾಕಬಹುದು. ಹೊಳೆಗೆ ಬಂದರೆ ಯಾರು ಏನು ಮಾಡುವುದು? ನಮ್ಮ ಹಳ್ಳ ಹೋಗಿ ಸೇರುವುದು ತುಂಗೆಯನ್ನೇ. ತುಂಗೆಯಲ್ಲಿ ಶೃಂಗೇರಿಯ ಘಟ್ಟದ ಮಹಶೀರ್ ಮೀನುಗಳಿವೆ, ಕೆಳಗೆ ತೀರ್ಥಹಳ್ಳಿ ಕಡೆ ಚಿಬ್ಬಲಗುಡ್ಡೆಯ ಮತ್ಸ್ಯಧಾಮವಿದೆ. ಒಂದೇ ಗುಂಡಿಯಲ್ಲಿ ಸಾವಿರಾರು ಮೀನು ಮೈಗೆ ಮೈ ತಾಗಿಸಿಕೊಂಡು ಇರುವ ಜಾಗಗಳು ಅವು. ನಾವು ಎಸೆದ ಬುಟ್ಟಿಯಿಂದ ಅಲ್ಲಿಗೆ ಏನೂ ಆಗಿಲ್ಲ ಅಂತಲೇ ನಂಬಿದ್ದೇವೆ, ಆದರೂ ಆ ವರ್ಷ ಘಟ್ಟಕ್ಕೆ ಹೋದಾಗಲೆಲ್ಲ ಮಂಡಕ್ಕಿ ಹಾಕಿ ಮೀನಿನ ಬೆನ್ನನ್ನು ಬಗ್ಗಿ ಬಗ್ಗಿ ನೋಡಿ ಬಂದೆವು. ಪಕ್ಕದಲ್ಲಿದ್ದ ಯಾತ್ರಿಕರು ನಮ್ಮ ಭಕ್ತಿ ಕಂಡು ಬೆರಗಾಗಿರಬೇಕು.

ಹೊಳೆಯಲ್ಲಿ ಮೀನು ಸತ್ತ ತಕ್ಷಣ ರೋಗ ಅಂತಲೂ ಹೇಳುವ ಹಾಗಿಲ್ಲ. 1996ರಲ್ಲಿ ಶಿಶಿಲದ ಕಪಿಲಾ ನದಿಯ ದೇವರ ಮೀನುಗಳು ರಾಶಿ ರಾಶಿಯಾಗಿ ಸತ್ತಿದ್ದು ಕಿಡಿಗೇಡಿಗಳು ಹಾಕಿದ ವಿಷದಿಂದ, ಆ ಮೀನುಗಳ ನೆನಪಿಗೆ ಅಲ್ಲಿ ಸ್ಮಾರಕವನ್ನೂ ಕಟ್ಟಿದ್ದಾರೆ. ಕಾರೆಕಾಯಿ ಜಜ್ಜಿ ಹಾಕುವುದನ್ನು ನಮ್ಮ ಹಿರಿಯರೂ ಬಲ್ಲರು. ವಿಷವಾದರೆ ಚಿಕ್ಕದು ದೊಡ್ಡದು, ಎಲ್ಲಾ ಜಾತಿ, ಒಂದೇ ಹೊತ್ತಿಗೆ ತೇಲುತ್ತವೆ, ಮೈಮೇಲೆ ಹುಣ್ಣಿರುವುದಿಲ್ಲ. ಹುಣ್ಣುರೋಗವಾದರೆ ಮುರುಗೋಡು, ಕೊರವದಂಥ ಜಾತಿಗೆ ಮೊದಲು ಬಂದು ದಿನ ತೆಗೆದುಕೊಂಡು ಹರಡುತ್ತದೆ. ಸಾಮಾನ್ಯ ಗೆಂಡೆ, ತಿಲಾಪಿಯ ಹೆಚ್ಚಾಗಿ ಪಾರಾಗುತ್ತವೆ. ಇಷ್ಟು ನೋಡಿ ಬರೆದಿಟ್ಟುಕೊಂಡರೂ ತಪಾಸಣೆ ಮಾಡುವವರಿಗೆ ಅರ್ಧ ಕೆಲಸ ಆದ ಹಾಗೆ.

ತಿನ್ನುವವರ ಹೆದರಿಕೆಗೂ ಒಂದು ಮಾತು. ಈ ಬೂಷ್ಟು ಮನುಷ್ಯನ ಮೈ ಬಿಸಿಯಲ್ಲಿ ಬೆಳೆಯುವುದಿಲ್ಲ, ನಮಗೆ ಅಂಟುವುದಿಲ್ಲ. ಆದರೆ ಹುಣ್ಣಿನಲ್ಲಿ ಬೇರೆ ಬ್ಯಾಕ್ಟೀರಿಯ ಸೇರಿರುತ್ತದೆ, ಕೊಳೆತ ಮೀನನ್ನು ಯಾರೂ ಸಾರಿಗೆ ಹಾಕಬೇಕಾಗಿಲ್ಲ. ಕುಟ್ಟನಾಡಿನ ಹಾಗೆ ಒಳ್ಳೆ ಮೀನನ್ನೂ ದೂರ ಇಡುವುದು ಮಾತ್ರ ಅನ್ಯಾಯ.

2013ರಲ್ಲಿ ಜಲಚರಗಳ ರೋಗದ ಮೇಲೆ ಕಣ್ಣಿಡುವ ರಾಷ್ಟ್ರೀಯ ಕಾರ್ಯಕ್ರಮವೊಂದು ಶುರುವಾಗಿ, ಲಕ್ನೋದ ರಾಷ್ಟ್ರೀಯ ಮತ್ಸ್ಯ ತಳಿ ಸಂಪನ್ಮೂಲ ಸಂಸ್ಥೆ ಅದನ್ನು ನೋಡಿಕೊಳ್ಳುವ ಹೊಣೆ ಹೊತ್ತಿತು. 2023ರ ಜೂನ್‌ನಲ್ಲಿ ರೈತರೇ ಮೊಬೈಲಿನಿಂದ ರೋಗದ ಸುದ್ದಿ ಕಳಿಸಲಿ ಅಂತ ರಿಪೋರ್ಟ್ ಫಿಶ್ ಡಿಸೀಸ್ ಎಂಬ ಆ್ಯಪ್ ಹೊರತಂದರು. ನಮ್ಮ ಕೆರೆಯ ಹತ್ತಿರ ಮೊಬೈಲಿಗೆ ಸಿಗ್ನಲ್ ಸಿಗಬೇಕಾದರೆ ಗುಡ್ಡದ ನೆತ್ತಿಗೆ ಹೋಗಬೇಕು, ಹೋಗೋಣ, ಅದಕ್ಕೇನಂತೆ.

ನಾವು ಆಮೇಲೆ ಕೆರೆ ಬತ್ತಿಸಿ, ಬಿಸಿಲಿಗೆ ಒಣಗಿಸಿ, ಸುಣ್ಣ ಚೆಲ್ಲಿ, ಹಳ್ಳದ ಕಡೆ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿದೆವು. ಹೊಸ ಮರಿಯನ್ನು ಉಪ್ಪುನೀರಿನಲ್ಲಿ ಅದ್ದಿ, ಮನೆ ಹಿಂದಿನ ಸಿಮೆಂಟಿನ ತೊಟ್ಟಿಯಲ್ಲಿ ಹದಿನೈದು ದಿನ ಇಟ್ಟು ನೋಡಿ ಬಿಟ್ಟೆವು. ಈ ಸಲ ಮೃಗಾಲ್ ಕಡಿಮೆ ಮಾಡಿ ಸಾಮಾನ್ಯ ಗೆಂಡೆ ಜಾಸ್ತಿ ಹಾಕಿದ್ದೇವೆ. ಸತ್ತ ಮೀನು ಹೂಳಲಿಕ್ಕೆ ಅಂತ ಕೆರೆ ದಂಡೆಯಿಂದ ದೂರ, ಮೇಲಿನ ದರೆಯ ಹತ್ತಿರ ಒಂದು ಗುಂಡಿ ತೋಡಿಟ್ಟಿದ್ದೇವೆ. ಸದ್ಯಕ್ಕೆ ಅದರಲ್ಲಿ ಬಿದ್ದಿರುವುದು ಒಣ ಸೋಗೆ ಮಾತ್ರ.