ರಾಗಿ ಉಣ್ಣಬಹುದಿತ್ತಲ್ಲ, ಸಾರ್?



ಕಳೆದ ತಿಂಗಳು ಮಿಂಚಂಚೆಯಲ್ಲಿ ನನಗೊಂದು ಪ್ರಬಂಧ ಬಂದಿತು. ಕಳುಹಿಸಿದವಳು ಹಾಸನ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನನ್ನ ಬಳಿ ಓದಿದ ಹುಡುಗಿ. ಪತಿಯ ಉದ್ಯೋಗದ ನಿಮಿತ್ತ ಐರ್ಲೆಂಡಿನ ಡಬ್ಲಿನ್ ನಗರ ಸೇರಿದವಳು, ಮಕ್ಕಳು ದೊಡ್ಡವರಾದ ಮೇಲೆ ಅಲ್ಲಿಯೇ ಸ್ನಾತಕೋತ್ತರ ತರಗತಿಗೆ ಸೇರಿ, ಐರ್ಲೆಂಡಿನ ಇತಿಹಾಸವನ್ನೂ ಅಲ್ಲಿಂದ ಪರದೇಶಗಳಿಗೆ ಹೋದ ಜನರ ಚರಿತ್ರೆಯನ್ನೂ ಅಧ್ಯಯನ ಮಾಡಿದ್ದಾಳೆ. ಮೊದಲ ಪುಟದಲ್ಲಿ ಅರ್ಪಣೆಯ ಸಾಲೊಂದಿತ್ತು: "ಉತ್ತರ ಹೇಳದೆ ಕೂರಿಸಿದ ನನ್ನ ಮೇಷ್ಟರಿಗೆ." ಓದಿ ನಕ್ಕೆ. ಆಮೇಲೆ ನಗು ನಿಂತಿತು.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಒಂಬತ್ತನೆಯ ತರಗತಿಗೆ ಯುರೋಪಿನವರು ಅಮೆರಿಕಕ್ಕೆ ವಲಸೆ ಹೋದ ಸಂಗತಿಯನ್ನು ಹೇಳುತ್ತಿದ್ದೆ. "1845ರಲ್ಲಿ ಐರ್ಲೆಂಡಿನಲ್ಲಿ ಆಲೂಗೆಡ್ಡೆ ಬೆಳೆ ನಾಶವಾಗಿ ಲಕ್ಷಾಂತರ ಜನ ಸತ್ತರು, ಲಕ್ಷಾಂತರ ಜನ ಹಡಗು ಹತ್ತಿದರು" ಎಂದು ಒಂದೇ ವಾಕ್ಯದಲ್ಲಿ ಮುಗಿಸಿದೆ. ಈಕೆ ಎದ್ದು ನಿಂತಳು. "ಸಾರ್, ಹೋದ ವರ್ಷ ನಮ್ಮ ಹೊಲದಲ್ಲೂ ಆಲೂಗೆಡ್ಡೆ ಕೊಳೆತುಹೋಯ್ತು. ನಾವು ರಾಗಿ ಉಂಡ್ಕೊಂಡು ಇದ್ವಿ. ಅವರೂ ರಾಗಿ ಉಣ್ಣಬಹುದಿತ್ತಲ್ಲ?" ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು, "ಪರೀಕ್ಷೆಗೆ ಬರುವುದಿಲ್ಲ, ಕೂತ್ಕೋ" ಎಂದೆ. ನಿಜ ಹೇಳಬೇಕೆಂದರೆ ಉತ್ತರ ನನಗೆ ಗೊತ್ತಿರಲಿಲ್ಲ.

ಆ ಪ್ರಶ್ನೆ ಹಾಸ್ಯದ್ದಾಗಿರಲಿಲ್ಲ. ಐರ್ಲೆಂಡನ್ನು ಕಾಡಿದ ಅಂಗಮಾರಿಯೇ ಹಾಸನದ ಆಲೂಗೆಡ್ಡೆಯನ್ನೂ ಕಾಡುವ ರೋಗ. ರೋಗ ಒಂದೇ ಆಗಿದ್ದರೂ ಒಂದು ಕಡೆ ಒಂದು ಬೆಳೆ ಹೋಯಿತು, ಇನ್ನೊಂದು ಕಡೆ ಒಂದು ಜನಾಂಗವೇ ಚದುರಿಹೋಯಿತು. ಏಕೆ?

ಉತ್ತರ ಭೂಮಿಯ ಒಡೆತನದಲ್ಲಿದೆ. ಐರ್ಲೆಂಡಿನ ನೆಲ ಜಮೀನುದಾರರದು; ಅವರಲ್ಲಿ ಅನೇಕರು ಇಂಗ್ಲೆಂಡಿನಲ್ಲಿ ಕುಳಿತು ಗೇಣಿ ಎಣಿಸುತ್ತಿದ್ದವರು. ಗೇಣಿದಾರ ಓಟ್ಸ್, ಗೋಧಿ ಬೆಳೆಯುತ್ತಿದ್ದ, ಹಂದಿ ಸಾಕುತ್ತಿದ್ದ, ಬೆಣ್ಣೆ ತೆಗೆಯುತ್ತಿದ್ದ. ಅದೆಲ್ಲ ಗೇಣಿಗೆ. ಅವನ ಹೊಟ್ಟೆಗೆ ಉಳಿದದ್ದು ತುಂಡು ನೆಲದಲ್ಲಿ ಬೆಳೆದ ಆಲೂಗೆಡ್ಡೆ. ಅದು ಕೊಳೆತಾಗ ಕಣ್ಣೆದುರೇ ಧಾನ್ಯವಿದ್ದರೂ ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಗೇಣಿ ತಪ್ಪಿ ಮನೆಯಿಂದ ಹೊರಬೀಳಬೇಕಿತ್ತು. ಸರ್ಕಾರ ಅಮೆರಿಕದಿಂದ ಮೆಕ್ಕೆಜೋಳ ತರಿಸಿತು, ನಿಜ. 1847ರಲ್ಲಿ ಹೊರಗೆ ಹೋದ ಧಾನ್ಯಕ್ಕಿಂತ ಒಳಗೆ ಬಂದದ್ದೇ ಹೆಚ್ಚು ಎಂಬುದೂ ನಿಜ. ಆದರೆ ಕೊಳ್ಳಲು ಕೈಯಲ್ಲಿ ಕಾಸಿಲ್ಲದವನಿಗೆ ಬಂದರಿನಲ್ಲಿ ರಾಶಿಯಿದ್ದರೇನು, ಇಲ್ಲದಿದ್ದರೇನು? ಅದೇ ವರ್ಷದ ಬೇಸಿಗೆಯಲ್ಲಿ ಗಂಜಿಕೇಂದ್ರಗಳು ದಿನಕ್ಕೆ ಸುಮಾರು 30 ಲಕ್ಷ ಜನರಿಗೆ ಊಟ ನೀಡಿ ಜೀವ ಉಳಿಸಿದವು. ಕೆಲವೇ ತಿಂಗಳಲ್ಲಿ ಅವುಗಳನ್ನು ಮುಚ್ಚಲಾಯಿತು. ಜೊತೆಗೆ, ಕಾಲು ಎಕರೆಗಿಂತ, ಅಂದರೆ ನಮ್ಮ ಲೆಕ್ಕದ ಹತ್ತು ಗುಂಟೆಗಿಂತ, ಹೆಚ್ಚು ನೆಲ ಹಿಡಿದವನಿಗೆ ನೆರವಿಲ್ಲವೆಂಬ ಕಾನೂನು ಬಂದಿತು. ಗಂಜಿ ಬೇಕಾದರೆ ನೆಲ ಬಿಡು ಎಂದರ್ಥ.

ಈ ನೆರವಿನ ಲೆಕ್ಕಪತ್ರವೆಲ್ಲ ಲಂಡನ್ನಿನ ಖಜಾನೆ ಇಲಾಖೆಯಲ್ಲಿ ಚಾರ್ಲ್ಸ್ ಟ್ರೆವೆಲ್ಯಾನನ ಕೈಯಲ್ಲಿತ್ತು. ಈತ ನಮಗೆ ಅಪರಿಚಿತನಲ್ಲ. ಬಿ.ಎಡ್. ಓದುವಾಗ ನಾವೆಲ್ಲ ಉರು ಹೊಡೆದ ಮೆಕಾಲೆಯ ತಂಗಿಯ ಗಂಡ. ಕಂಪನಿಯ ಸೇವೆಯಲ್ಲಿ ಭಾರತದಲ್ಲಿದ್ದವನು. ಮುಂದೆ 1859ರಲ್ಲಿ ಮದರಾಸಿನ ಗವರ್ನರನಾಗಿ ಬಂದವನು. ಕ್ಷಾಮವನ್ನು ದೈವಸಂಕಲ್ಪವೆಂದು ಬಗೆದು ಬರೆದವನು.

1841ರ ಜನಗಣತಿಯಲ್ಲಿ ಐರ್ಲೆಂಡಿನ ಜನಸಂಖ್ಯೆ ಸುಮಾರು 82 ಲಕ್ಷ. 1851ರಲ್ಲಿ ಸುಮಾರು 65 ಲಕ್ಷ. ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕೂ ಹೆಚ್ಚು ಜನ ನಾಡು ಬಿಟ್ಟರು. ಹೋದವರೆಲ್ಲ ದಡ ಸೇರಲಿಲ್ಲ. ಕೆನಡಾದ ಸೇಂಟ್ ಲಾರೆನ್ಸ್ ನದಿಯ ಗ್ರಾಸ್ ಐಲ್ ಎಂಬ ಪುಟ್ಟ ದ್ವೀಪದಲ್ಲಿ 1847ರ ಒಂದೇ ವರ್ಷ ಐದು ಸಾವಿರಕ್ಕೂ ಹೆಚ್ಚು ಜನರನ್ನು ಮಣ್ಣು ಮಾಡಲಾಯಿತು. ಬಹುಪಾಲು ಜನರನ್ನು ತಿಂದದ್ದು ಹಡಗಿನಲ್ಲಿ ಹರಡಿದ ಜ್ವರ.

ಇನ್ನು ಸಂಶೋಧನೆಯ ಕಷ್ಟದ ಮಾತು. ಯಾರು ಎಲ್ಲಿಂದ ಹೋದರು ಎಂದು ತಿಳಿಯಲು ಜನಗಣತಿಯ ಮೂಲ ಕಾಗದಗಳು ಬೇಕು. ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ದಾಖಲೆಗಳ ಭಂಡಾರ 1922ರ ಜೂನ್ 30ರಂದು, ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಸಿಡಿದು ಸುಟ್ಟುಹೋಯಿತು. ಶತಮಾನಗಳ ಕಾಗದಪತ್ರಗಳ ಜೊತೆಗೆ 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಹಾಳೆಗಳೂ ಬಹುಮಟ್ಟಿಗೆ ಬೂದಿಯಾದವು. ಅದಕ್ಕಿಂತ ವಿಚಿತ್ರವೆಂದರೆ, 1861ರಿಂದ 1891ರವರೆಗಿನ ಗಣತಿಯ ಹಾಳೆಗಳನ್ನು ಯಾವ ಬೆಂಕಿಯೂ ಸುಡಲಿಲ್ಲ. ಸರ್ಕಾರವೇ ನಾಶ ಮಾಡಿಸಿತ್ತು! ಕಾಗದ ದಂಡವೆಂದುಕೊಂಡರೋ ಏನೋ. ಹೀಗಾಗಿ ಪೂರ್ತಿಯಾಗಿ ಉಳಿದ ಅತ್ಯಂತ ಹಳೆಯ ಗಣತಿ 1901ರದು.

ಆದರೆ ಇತಿಹಾಸಕಾರರು ಕೈಕಟ್ಟಿ ಕೂರಲಿಲ್ಲ. ನನ್ನ ಶಿಷ್ಯೆಯ ಪ್ರಬಂಧದಲ್ಲಿ ನನಗೆ ಅತ್ಯಂತ ಹಿಡಿಸಿದ ಅಧ್ಯಾಯ ಇದೇ. ಕಂದಾಯಕ್ಕಾಗಿ 1847ರಿಂದ 1864ರ ನಡುವೆ ಅಚ್ಚು ಹಾಕಿಸಿದ ಗ್ರಿಫಿತ್‌ನ ಭೂಮೌಲ್ಯ ಪಟ್ಟಿಯಲ್ಲಿ ಗೇಣಿದಾರರ ಹೆಸರುಗಳಿವೆ. ಚರ್ಚುಗಳಲ್ಲಿ ದೀಕ್ಷಾಸ್ನಾನ, ಮದುವೆಗಳ ಪುಸ್ತಕಗಳಿವೆ. 1850ರಲ್ಲಿ ನ್ಯೂಯಾರ್ಕಿನಲ್ಲಿ ವಲಸಿಗರಿಗಾಗಿ ತೆರೆದ ಉಳಿತಾಯ ಬ್ಯಾಂಕೊಂದು ಖಾತೆದಾರನ ಗುರುತಿಗಾಗಿ ಹುಟ್ಟಿದ ಊರು, ತಂದೆ ತಾಯಿಯ ಹೆಸರು, ಬಂದ ಹಡಗು ಎಲ್ಲವನ್ನೂ ಬರೆದುಕೊಳ್ಳುತ್ತಿತ್ತು. ಬಾಸ್ಟನ್ನಿನ ಪೈಲಟ್ ಪತ್ರಿಕೆಯಲ್ಲಿ 1831ರಿಂದ 1921ರವರೆಗೆ ಕಾಣೆಯಾದವರನ್ನು ಹುಡುಕುವ ಜಾಹೀರಾತುಗಳು ಬರುತ್ತಿದ್ದವು: ಅಣ್ಣನನ್ನು ಅರಸುವ ತಂಗಿ, ಗಂಡನನ್ನು ಅರಸುವ ಹೆಂಡತಿ. ಅಂಥವು ನಲವತ್ತು ಸಾವಿರಕ್ಕೂ ಹೆಚ್ಚು. ಅನೇಕವುಗಳಲ್ಲಿ ಒಂದು ಊರಿನ ಹೆಸರು, ಬಿಟ್ಟುಹೋದ ವರ್ಷ. ಸುಟ್ಟ ಗಣತಿಯ ಹಾಳೆಗಳು ಹೇಳಲಾರದ್ದನ್ನು ಈ ಸಂಕಟದ ಸಾಲುಗಳು ಹೇಳಿದವು.

ಕೊನೆಗೆ ಪತ್ರಗಳು. ಕೆರ್ಬಿ ಮಿಲ್ಲರ್ ಎಂಬ ಅಮೆರಿಕದ ವಿದ್ವಾಂಸರು ದಶಕಗಳ ಕಾಲ ಅಟ್ಟಗಳ ಮೇಲಿನ, ಟ್ರಂಕುಗಳೊಳಗಿನ ವಲಸಿಗರ ಪತ್ರಗಳನ್ನು ಸಂಗ್ರಹಿಸಿದರು. ಆ ಸಾವಿರಾರು ಪತ್ರಗಳನ್ನು ಗಾಲ್ವೇ ವಿಶ್ವವಿದ್ಯಾಲಯ 2024ರಲ್ಲಿ ಎಲ್ಲರೂ ಅಂತರಜಾಲದಲ್ಲಿ ಓದುವಂತೆ ತೆರೆದಿಟ್ಟಿತು. 1985ರ ತಮ್ಮ ಗ್ರಂಥದಲ್ಲಿ ಮಿಲ್ಲರ್ ಅವರು, ಐರಿಷ್ ವಲಸಿಗ ತನ್ನನ್ನು ಗಡೀಪಾರಾದವನೆಂದೇ ಭಾವಿಸಿದ್ದ ಎಂದು ವಾದಿಸಿದರು. ಡೊನಾಲ್ಡ್ ಅಕೆನ್ಸನ್ ಅವರಂಥವರು ಇದನ್ನು ಒಪ್ಪಲಿಲ್ಲ. ಕೆನಡಾದ ಒಂಟಾರಿಯೋದಲ್ಲಿ ಐರಿಷರು ಜಮೀನು ಮಾಡಿ ಚೆನ್ನಾಗಿ ಬಾಳಿದ್ದನ್ನು ತೋರಿಸಿದರು. ಇನ್ನೊಂದು ವಿಶೇಷ: ಯುರೋಪಿನ ಇತರ ನಾಡುಗಳಿಂದ ಹೋದವರಲ್ಲಿ ಗಂಡಸರೇ ಹೆಚ್ಚು, ಐರ್ಲೆಂಡಿನಿಂದ ಹೋದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರು. ಮದುವೆಯಾಗದ ಹುಡುಗಿಯರು ಪರರ ಮನೆಯಲ್ಲಿ ಪಾತ್ರೆ ತೊಳೆದು ಉಳಿಸಿದ ಹಣದಿಂದ ತಮ್ಮ ತಂಗಿಯರ ಹಡಗಿನ ಟಿಕೆಟ್ಟು ಕೊಂಡರು.

ಜನರ ಜೊತೆಗೆ ಭಾಷೆಯೂ ಸೊರಗಿತು. ಐರಿಷ್ ನುಡಿ ಹೆಚ್ಚಾಗಿ ಉಳಿದಿದ್ದುದು ಪಶ್ಚಿಮದ ಬಡವರ ಬಾಯಲ್ಲಿ. ಸತ್ತವರೂ ಹೋದವರೂ ಹೆಚ್ಚಾಗಿ ಅವರೇ. ಇದನ್ನು ಓದುವಾಗ ನನಗೊಂದು ಪ್ರಸಂಗ ಹೊಸದಾಗಿ ಅರ್ಥವಾಯಿತು. 1924ರಲ್ಲಿ ಮೈಸೂರಿಗೆ ಬಂದಿದ್ದ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತರುಣ ಕುವೆಂಪು ತಮ್ಮ ಇಂಗ್ಲಿಷ್ ಕವನಗಳನ್ನು ತೋರಿಸಿದಾಗ, ನಿಮ್ಮ ತಾಯ್ನುಡಿಯಲ್ಲಿ ಬರೆಯಿರಿ ಎಂದು ಅವರು ಹೇಳಿದ ಕಥೆಯನ್ನು ನಾನು ಪ್ರತಿವರ್ಷವೂ ತರಗತಿಯಲ್ಲಿ ಹೇಳುತ್ತಿದ್ದೆ. ಕಸಿನ್ಸ್ ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಐರಿಷ್ ಕವಿ ಎಂಬುದನ್ನೂ ಹೇಳುತ್ತಿದ್ದೆ. ತನ್ನ ನುಡಿಯನ್ನು ಬಹುಪಾಲು ಕಳೆದುಕೊಂಡ ನಾಡಿನವನ ಬಾಯಿಂದ ಆ ಮಾತು ಬಂದಿತ್ತು ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ಪ್ರಬಂಧವನ್ನು ಓದಿ ಮುಗಿಸಿ ಆಕೆಗೆ ಫೋನು ಮಾಡಿದೆ. "ಕೊನೆಗೂ ಉತ್ತರ ಸಿಕ್ಕಿತೇನಮ್ಮ?" ಎಂದೆ. "ಸಿಕ್ಕಿತು ಸಾರ್. ನಮ್ಮ ರಾಗಿ ನಮ್ಮದಾಗಿತ್ತು. ಅವರ ಓಟ್ಸ್ ಅವರದಾಗಿರಲಿಲ್ಲ" ಎಂದಳು. ಅವಳ ತಾತ ಗೇಣಿ ಮಾಡುತ್ತಿದ್ದವರು. 1974ರ ಭೂಸುಧಾರಣಾ ಕಾಯಿದೆಯಲ್ಲಿ ಅರ್ಜಿ ಹಾಕಿ ಅದೇ ಹೊಲವನ್ನು ಪಡೆದವರು. ಹಾಗಾಗಿಯೇ ಆ ವರ್ಷ ಅವರ ಮನೆಯ ರಾಗಿ ಅವರ ಮಡಕೆಗೆ ಬಂದಿತ್ತು.

ನಂತರ ಆಕೆಯೇ ಕೇಳಿದಳು: "ಸಾರ್, ನಮ್ಮ ಧಾತು ಈಶ್ವರ ಬರದಲ್ಲಿ ಸತ್ತವರ ಹೆಸರು ಎಲ್ಲಿ ಸಿಗುತ್ತದೆ?" 1876ರಿಂದ 78ರ ಆ ಬರದಲ್ಲಿ ಮೈಸೂರು ಸಂಸ್ಥಾನ ಅಕ್ಷರಶಃ ಬರಿದಾಯಿತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಜನ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ಅವರಲ್ಲಿ ಬಹುತೇಕರು ಅಕ್ಷರ ತಿಳಿಯದವರು. ಪತ್ರ ಬರೆಯಲಿಲ್ಲ, ಬ್ಯಾಂಕಿನ ಖಾತೆ ತೆರೆಯಲಿಲ್ಲ. ಈ ಸಲ "ಪರೀಕ್ಷೆಗೆ ಬರುವುದಿಲ್ಲ" ಎನ್ನಲಿಲ್ಲ. "ಗೊತ್ತಿಲ್ಲಮ್ಮ, ಹುಡುಕೋಣ" ಎಂದೆ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಅಟ್ಟದ ಮೇಲೆ ಅಜ್ಜನ ಗೇಣಿ ಚೀಟಿಯೋ, ಹಳೆಯ ಪಹಣಿಯೋ, ಮುಂಬಯಿಗೆ ಹೋದ ಚಿಕ್ಕಪ್ಪ ಬರೆದ ಕಾರ್ಡೋ ಇದ್ದರೆ ಒಲೆಗೆ ಹಾಕಬೇಡಿ. ಮನೆಯ ಹಿರಿಯರು ಬರದ ಕಥೆ ಹೇಳಿದರೆ, ಊರಿನ ಹೆಸರಿನೊಡನೆ ಬರೆದಿಟ್ಟು ನನಗೊಂದು ಪ್ರತಿ ಕಳುಹಿಸಿ. ನಾನು ಒಂದು ನೂರು ಪುಟದ ನೋಟ್‌ಬುಕ್ಕು ತಂದಿಟ್ಟುಕೊಂಡಿದ್ದೇನೆ. ಮೊದಲ ಪುಟದಲ್ಲಿ ನನ್ನ ಅಜ್ಜಿಯಿಂದ ಕೇಳಿದ ಎರಡು ಹೆಸರುಗಳನ್ನು ಬರೆದಿದ್ದೇನೆ. ಮಿಕ್ಕ ಪುಟಗಳು ಖಾಲಿಯಿವೆ.