ವಾಯುಮಗ್ಗ: ಒಂದು ಭ್ರಾಂತಿಯೂ ಅದರ ಲಿಪಿಕಾರನೂ

ಉನ್ಮಾದದ ಇತಿಹಾಸವನ್ನು ಬರೆಯಹೊರಟವರಿಗೆ ಒಂದು ತೊಡಕು ಮೊದಲಿನಿಂದಲೂ ಎದುರಾಗುತ್ತದೆ. ರೋಗಿಯು ಆಡಿದ ಮಾತು ನಮಗೆ ದೊರೆಯುವುದು ಬಹುಮಟ್ಟಿಗೆ ವೈದ್ಯನ ಲೇಖನಿಯ ಮೂಲಕ. ಆ ಲೇಖನಿಗಾದರೋ ತನ್ನದೇ ಆದ ಉದ್ದೇಶವಿರುತ್ತದೆ. ಲಂಡನ್ನಿನ ಬೆಥ್ಲೆಮ್ ಹುಚ್ಚಾಸ್ಪತ್ರೆಯ ಅಪಾಥೆಕರಿಯಾಗಿದ್ದ ಜಾನ್ ಹ್ಯಾಸ್ಲಮನು 1810ರಲ್ಲಿ ಪ್ರಕಟಿಸಿದ 'ಇಲ್ಲಸ್ಟ್ರೇಷನ್ಸ್ ಆಫ್ ಮ್ಯಾಡ್‌ನೆಸ್' ಎಂಬ ಗ್ರಂಥವು ಇದಕ್ಕೆ ಉತ್ತಮ ನಿದರ್ಶನ. ಒಬ್ಬನೇ ರೋಗಿಯ ಭ್ರಾಂತಿಯನ್ನು ಇಷ್ಟು ವಿಸ್ತಾರವಾಗಿ ನಿರೂಪಿಸಿದ ಗ್ರಂಥವು ಆಂಗ್ಲ ವೈದ್ಯಸಾಹಿತ್ಯದಲ್ಲಿ ಅದಕ್ಕೆ ಮುನ್ನ ಬಂದಿರಲಿಲ್ಲವೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ.

ರೋಗಿಯ ಹೆಸರು ಜೇಮ್ಸ್ ಟಿಲ್ಲಿ ಮ್ಯಾಥ್ಯೂಸ್; ವೃತ್ತಿಯಿಂದ ಚಹದ ವರ್ತಕ. ಇಂಗ್ಲೆಂಡು ಫ್ರಾನ್ಸುಗಳ ನಡುವೆ ಸಂಧಾನವನ್ನು ಸಾಧಿಸುವ ಹಂಬಲದಿಂದ ಪ್ಯಾರಿಸಿಗೆ ಹೋದ ಈತನು 1793ರಲ್ಲಿ ಜಾಕೊಬಿನರ ಸಂಶಯಕ್ಕೆ ಗುರಿಯಾಗಿ ಬಂಧಿತನಾದನು. 1796ರಲ್ಲಿ ಬಿಡುಗಡೆ ಹೊಂದಿ ಸ್ವದೇಶಕ್ಕೆ ಮರಳಿದ ಮೇಲೆ, ಮಂತ್ರಿಗಳು ತನಗೆ ದ್ರೋಹ ಬಗೆದರೆಂದು ಆಪಾದಿಸಿ, ಕಾಮನ್ಸ್ ಸಭೆಯ ಪ್ರೇಕ್ಷಕರ ಗ್ಯಾಲರಿಯಿಂದ 'ರಾಜದ್ರೋಹ' ಎಂದು ಕೂಗಿದನು. 1797ರ ಜನವರಿಯಲ್ಲಿ ಅವನನ್ನು ಬೆಥ್ಲೆಮಿಗೆ ಸೇರಿಸಲಾಯಿತು.

ಮ್ಯಾಥ್ಯೂಸನ ನಂಬಿಕೆ ಹೀಗಿತ್ತು. ಲಂಡನ್ ವಾಲ್ ಬೀದಿಯ ಬಳಿಯ ನೆಲಮಾಳಿಗೆಯೊಂದರಲ್ಲಿ ಏಳು ಜನ ದುಷ್ಟರ ಕೂಟವೊಂದು ಅಡಗಿದೆ. ಅವರು 'ಏರ್ ಲೂಮ್', ಎಂದರೆ ವಾಯುಮಗ್ಗ, ಎಂಬ ಯಂತ್ರವನ್ನು ನಡೆಸುತ್ತ, ಕೊಳೆತ ವಸ್ತುಗಳ ಆವಿಯನ್ನೂ ಕಾಂತಶಕ್ತಿಯನ್ನೂ ನೇಯ್ದು ದೂರದಲ್ಲಿರುವವರ ದೇಹದ ಮೇಲೂ ಬುದ್ಧಿಯ ಮೇಲೂ ಪ್ರಯೋಗಿಸುತ್ತಾರೆ. ಮಂತ್ರಿಗಳ ಆಲೋಚನೆಯೂ ಅವರ ಹಿಡಿತದಲ್ಲಿದೆ. ಹಿಂಸೆಯ ಬಗೆಗಳಿಗೆಲ್ಲ ಹೆಸರುಗಳುಂಟು. ಬಾಲಕರು ಗಾಳಿಪಟವನ್ನು ಹಾರಿಸುವಂತೆ ಒಂದು ವಿಚಾರವನ್ನು ಮಿದುಳಿಗೆ ಏರಿಸಿ ಗಂಟೆಗಟ್ಟಲೆ ತೂಗಾಡಿಸುವುದು 'ಕೈಟಿಂಗ್'. ಯಂತ್ರದ ಚಿತ್ರವನ್ನು ಮ್ಯಾಥ್ಯೂಸನೇ ಬರೆದುಕೊಟ್ಟನು. ಗ್ರಂಥದಲ್ಲಿ ಅದು ಅಚ್ಚಾಗಿದೆ. ಪ್ರೀಸ್ಟ್ಲಿಯ ವಾಯುಸಂಶೋಧನೆಗಳೂ ಮೆಸ್ಮರನ ಕಾಂತವಾದವೂ ಮನೆಮಾತಾಗಿದ್ದ ಕಾಲವದು. ಭ್ರಾಂತಿಯಾದರೂ ತನ್ನ ನೂಲನ್ನು ತನ್ನ ಕಾಲದಿಂದಲೇ ಪಡೆದಿದೆ.

ಆದರೆ ಹ್ಯಾಸ್ಲಮನು ಇದನ್ನೆಲ್ಲ ಬರೆದಿಟ್ಟದ್ದು ಕೇವಲ ಜ್ಞಾನಾಸಕ್ತಿಯಿಂದಲ್ಲ. 1809ರಲ್ಲಿ ಮ್ಯಾಥ್ಯೂಸನ ಬಂಧುಗಳು ಅವನ ಬಿಡುಗಡೆಗಾಗಿ ನ್ಯಾಯಾಲಯಕ್ಕೆ ಹೋದಾಗ, ಬರ್ಕ್‌ಬೆಕ್ ಮತ್ತು ಕ್ಲಟರ್‌ಬಕ್ ಎಂಬ ಇಬ್ಬರು ವೈದ್ಯರು ಅವನನ್ನು ಪರೀಕ್ಷಿಸಿ, ಅವನು ಸ್ವಸ್ಥಚಿತ್ತನೆಂದು ಪ್ರಮಾಣಪೂರ್ವಕ ಹೇಳಿಕೆ ಕೊಟ್ಟರು. ಬಿಡುಗಡೆ ಮಾತ್ರ ದೊರೆಯಲಿಲ್ಲ. ಮರುವರ್ಷ ಬಂದ ಗ್ರಂಥವು ಆ ಇಬ್ಬರಿಗೆ ಕೊಟ್ಟ ವ್ಯಂಗ್ಯಪೂರ್ಣ ಉತ್ತರ. ಒಬ್ಬನೇ ಮನುಷ್ಯನು ಏಕಕಾಲದಲ್ಲಿ ಸ್ವಸ್ಥನೂ ಉನ್ಮತ್ತನೂ ಆಗಿರಲಾರನಾದ್ದರಿಂದ, ಎರಡರಲ್ಲೊಂದು ಪಕ್ಷದ ವೈದ್ಯರಿಗೆ ವಿವೇಚನೆ ತಪ್ಪಿರಲೇಬೇಕೆಂಬುದು ಹ್ಯಾಸ್ಲಮನ ತರ್ಕ.

ಈ ತರ್ಕವನ್ನು ನಾವು ಪೂರ್ಣವಾಗಿ ಒಪ್ಪಲಾರೆವು. ತನ್ನ ಮಾತಿನ ಮೇಲೆಯೇ ಬಿಡುಗಡೆ ನಿಂತಿದೆಯೆಂದು ಬಲ್ಲವನು ಯಾರೆದುರು ಯಾವುದನ್ನು ಆಡಬೇಕೆಂದು ಅಳೆಯದಿರುವನೆ? ಹೊಸಬರಾದ ಇಬ್ಬರಿಗೆ ಕಂಡ ಮ್ಯಾಥ್ಯೂಸನೂ, ಹನ್ನೆರಡು ವರ್ಷ ಅವನನ್ನು ಕಾದವನಿಗೆ ಕಂಡ ಮ್ಯಾಥ್ಯೂಸನೂ ಬೇರೆಯಾಗಿದ್ದರೆ ಆಶ್ಚರ್ಯವಿಲ್ಲ. ಯಂತ್ರವು ಭ್ರಾಂತಿ, ನಿಜ. ಪ್ಯಾರಿಸಿನ ಸೆರೆಯಾದರೋ ಭ್ರಾಂತಿಯಲ್ಲ. ಹ್ಯಾಸ್ಲಮನು ಕಿವಿಗೊಟ್ಟು ಕೇಳಿದನೆಂಬುದರಲ್ಲಿ ಸಂದೇಹವಿಲ್ಲ. ಅವನಷ್ಟು ಎಚ್ಚರದಿಂದ ಕೇಳಿದವರು ಆ ಕಾಲದಲ್ಲಿ ವಿರಳ. ಆದರೆ ಅವನು ಕೇಳಿದ್ದು ಪ್ರತಿವಾದಿಯ ವಕೀಲನ ಕಿವಿಯಿಂದ.

ಇತ್ತ ಮ್ಯಾಥ್ಯೂಸನೂ ಸುಮ್ಮನಿರಲಿಲ್ಲ. ಬೆಥ್ಲೆಮಿಗೆ ಹೊಸ ಕಟ್ಟಡವನ್ನು ಕಟ್ಟಿಸಲು ನಕ್ಷೆಗಳನ್ನು ಆಹ್ವಾನಿಸಿದಾಗ, ಒಳಗಿದ್ದುಕೊಂಡೇ ಒಂದು ವಿವರವಾದ ನಕ್ಷೆಯನ್ನು ಸಿದ್ಧಪಡಿಸಿದನು. ಆಡಳಿತ ಮಂಡಲಿಯು ಮೆಚ್ಚಿ ಅವನಿಗೆ 30 ಪೌಂಡುಗಳನ್ನಿತ್ತಿತು. ಹುಚ್ಚನ ನಕ್ಷೆಗೆ ಸಂಭಾವನೆ, ಹುಚ್ಚನಿಗೆ ಬೀಗ! ಆಸ್ಪತ್ರೆಯವರು ತನ್ನನ್ನು ನಡೆಸಿಕೊಂಡ ರೀತಿಯನ್ನೂ ಅವನು ಬರೆದಿಡುತ್ತಿದ್ದನು. 1814ರಲ್ಲಿ ಹ್ಯಾಕ್ನಿಯ ಖಾಸಗಿ ಆಶ್ರಯಗೃಹವೊಂದಕ್ಕೆ ವರ್ಗವಾಗಿ, 1815ರ ಜನವರಿಯಲ್ಲಿ ತೀರಿಕೊಂಡನು.

ಅದೇ ವರ್ಷ ಕಾಮನ್ಸ್ ಸಭೆಯ ವಿಶೇಷ ಸಮಿತಿಯು ಹುಚ್ಚಾಸ್ಪತ್ರೆಗಳ ಸ್ಥಿತಿಗತಿಯನ್ನು ವಿಚಾರಿಸಿತು. ಜೇಮ್ಸ್ ನಾರಿಸ್ ಎಂಬ ರೋಗಿಯನ್ನು ವರ್ಷಗಟ್ಟಲೆ ಕಬ್ಬಿಣದಲ್ಲಿ ಬಿಗಿದಿಟ್ಟ ಸಂಗತಿಯೊಡನೆ ಮ್ಯಾಥ್ಯೂಸನ ದೂರುಗಳೂ ಸಮಿತಿಯ ಮುಂದೆ ಬಂದವು. 1816ರಲ್ಲಿ ಹ್ಯಾಸ್ಲಮನು ಪದಚ್ಯುತನಾದನು. ಮರುವರ್ಷ ಅವನು ಉನ್ಮಾದಕ್ಕೆ ಸಂಬಂಧಿಸಿದ ನ್ಯಾಯವೈದ್ಯಶಾಸ್ತ್ರವನ್ನು ಕುರಿತು ಇನ್ನೊಂದು ಗ್ರಂಥವನ್ನು ಪ್ರಕಟಿಸಿದನು.