ಪದ ಪರಿಚಯ: ಸಂಪುಟ

ಮುಚ್ಚಳವುಳ್ಳ ಕರಡಿಗೆ, ಬಟ್ಟಲಿನ ಮೇಲೆ ಬಟ್ಟಲು ಕವುಚಿದಂಥ ಪೆಟ್ಟಿಗೆ – ಇದು ಸಂಸ್ಕೃತದಿಂದ ಬಂದ ‘ಸಂಪುಟ’ದ ಮೂಲಾರ್ಥ. ಕನ್ನಡದಲ್ಲಿ ಅದು ಪುಸ್ತಕದ ಸಂಪುಟವಾಯಿತು, ಸಚಿವ ಸಂಪುಟವೂ ಆಯಿತು. ಒಳಗಿನ ಮಾಹಿತಿಯನ್ನು ಹೊರಗಿನವರು ನೇರವಾಗಿ ಮುಟ್ಟದಂತೆ ಮುಚ್ಚಿಡುವ, ಕಂಪ್ಯೂಟರಿನವರ ‘ಎನ್‌ಕ್ಯಾಪ್ಸುಲೇಷನ್’ ಕೂಡ ಪೆಟ್ಟಿಗೆಯಿಂದಲೇ ಹುಟ್ಟಿದ್ದು: ಲ್ಯಾಟಿನ್ನಿನಲ್ಲಿ ‘ಕಾಪ್ಸಾ’ ಪೆಟ್ಟಿಗೆ, ‘ಕಾಪ್ಸುಲಾ’ ಪುಟ್ಟ ಪೆಟ್ಟಿಗೆ. ಅದಕ್ಕೇ ಅದರ ಕನ್ನಡ ರೂಪವಾಗಿ ‘ಸಂಪುಟೀಕರಣ’ ನನಗೆ ಪೂರಾ ಒಪ್ಪಿಗೆಯಾದ ಪದ.

ಇದರ ಅರ್ಥವನ್ನು ಕಣ್ಣಾರೆ ಕಾಣಬೇಕೆಂದರೆ ಊಟದ ಹೊತ್ತಿಗೆ ಮುಂಚೆ ಮುಂಬಯಿಯ ಚರ್ಚ್‌ಗೇಟ್ ನಿಲ್ದಾಣದ ಹೊರಗೆ ನಿಲ್ಲಿ. ಡಬ್ಬಾವಾಲಾಗಳು ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಅಂಕಿ, ಅಕ್ಷರ ನೋಡಿ ಡಬ್ಬಿ ವಿಂಗಡಿಸುತ್ತಾರೆ. ಒಳಗಿನ ಚಪಾತಿ ಪಲ್ಯವನ್ನು ಯಾರೂ ಮುಟ್ಟುವುದಿಲ್ಲ. ಜಾವಾ ಪ್ರೋಗ್ರಾಮಿಂಗ್ ಭಾಷೆಯ ರೆಫರೆನ್ಸ್ ವೇರಿಯೇಬಲ್ ಆ ಗುರುತಿನ ಹಾಗೆ. ಅದು ವಸ್ತುವಲ್ಲ, ವಸ್ತುವಿಗೆ ದಾರಿ.

ತೊಡಕಿರುವುದೂ ಇಲ್ಲೇ. ಫೀಲ್ಡನ್ನು ‘ಪ್ರೈವೇಟ್’ ಎಂದು ಬರೆದರೂ, ಗೆಟರ್ ಒಳಗಿನ ‘ಡೇಟ್’ ವಸ್ತುವಿನ ರೆಫರೆನ್ಸನ್ನೇ ಹೊರಗೆ ಕೊಟ್ಟರೆ, ಪಡೆದವರು ‘ಸೆಟ್‌ಟೈಮ್’ ಕರೆದು ನಮ್ಮ ದಿನಾಂಕವನ್ನೇ ತಿದ್ದಬಹುದು. ‘ಫೈನಲ್’ ಎಂದರೂ ಉಳಿಗಾಲವಿಲ್ಲ. ಅದು ಗುರುತನ್ನು ಕಾಯುತ್ತದೆ, ಡಬ್ಬಿಯೊಳಗಿನದನ್ನಲ್ಲ. ಆದ್ದರಿಂದ ಕೊಡುವಾಗ ಪ್ರತಿ ಮಾಡಿ ಕೊಡಬೇಕು. ಕನ್‌ಸ್ಟ್ರಕ್ಟರಿನಲ್ಲಿ ಪಡೆಯುವಾಗಲೂ ಪ್ರತಿ ಮಾಡಿಯೇ ಇಟ್ಟುಕೊಳ್ಳಬೇಕು. ಕಲಿಯುವವರು ಮರೆಯುವುದು ಇದನ್ನೇ. ಅರೇಗಳಿಗೂ ಇದೇ ನಿಯಮ. 2014ರಲ್ಲಿ ಜಾವಾ 8ರೊಂದಿಗೆ ಬಂದ ‘ಲೋಕಲ್‌ಡೇಟ್’ ಒಮ್ಮೆ ರಚಿಸಿದ ಮೇಲೆ ಬದಲಾಗುವುದಿಲ್ಲ. ಅದಕ್ಕೆ ಪ್ರತಿಯ ಅಗತ್ಯವಿಲ್ಲ.